ಮೆಟ್ಟಿಲ ಕಿಟಕಿಯ ಕಿನ್ನರಿ

ಕಿನ್ನರಿಯ ಕೈಗೆ ಎಷ್ಟು ಬೆರಳು ಎಂಬಲ್ಲಿಂದ ನನ್ನ ಗಾಜಿನ ಕೆಲಸ ಶುರುವಾಯಿತು. ಫೋನಿನಲ್ಲಿ ಹಳೆಯ ಕಾರ್ಟೂನನ್ನು ನಿಲ್ಲಿಸಿ, ಚಿತ್ರವನ್ನು ಹಿಗ್ಗಿಸಿ ಎಣಿಸಿದೆ. ನಾಲ್ಕೇ ಇದ್ದವು. ಮುಂದಕ್ಕೆ ಓಡಿಸಿ ಇನ್ನೊಂದು ಕಡೆ ನಿಲ್ಲಿಸಿದೆ, ಅಲ್ಲಿಯೂ ನಾಲ್ಕು. ಇಷ್ಟು ವರ್ಷ ಎಷ್ಟೋ ಮಕ್ಕಳು ಇದನ್ನು ನೋಡಿದ್ದಾರೆ, ಒಬ್ಬರಾದರೂ ಎಣಿಸಿದ್ದಾರೋ ಇಲ್ಲವೋ ಅನ್ನಿಸಿತು. ಮಾರನೆಯ ದಿನ ನಮ್ಮ ಒಡತಿಯನ್ನು ಕೇಳಿದರೆ ಅವರು ತಲೆ ಎತ್ತದೆಯೇ, ನಾಲ್ಕೇ, ನನಗೆ ಗೊತ್ತು ಎಂದುಬಿಟ್ಟರು. ಈ ಗಿರಾಕಿ ಸುಮ್ಮನೆ ಬಿಡುವವರಲ್ಲ ಎಂದು ಆಗಲೇ ತಿಳಿಯಿತು.

ಒಡತಿ ಎಂದರೆ ರಾಯದುರ್ಗದಲ್ಲಿ ನಾನು ಕೆಲಸ ಮಾಡುತ್ತಿದ್ದ ಜೀನ್ಸ್ ಹೊಲಿಯುವ ಯೂನಿಟ್ಟಿನ ಯಜಮಾನಿ. ನಾನು ಅಲ್ಲಿ ಪ್ಯಾಟರ್ನ್ ಮಾಸ್ಟರ್. ಪ್ಯಾಂಟಿನ ಒಂದೊಂದು ಭಾಗದ ಅಳತೆಯನ್ನೂ ದಪ್ಪನೆಯ ಕಂದು ಕಾಗದದಲ್ಲಿ ಕತ್ತರಿಸಿ ಕೊಡುವುದು ನನ್ನ ಕೆಲಸ. ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಉಳಿದವರು ಕತ್ತರಿಸುತ್ತಾರೆ. ಮಾಸ್ಟರ್ ಎಂಬ ಮಾತು ಕೇಳಿ ಮೀಸೆಯನ್ನು ನಿರೀಕ್ಷಿಸಿ ಬಂದ ವ್ಯಾಪಾರಿಗಳು ನನ್ನನ್ನು ಕಂಡು, ನನ್ನ ಬೆನ್ನ ಹಿಂದೆ ಇನ್ಯಾರಾದರೂ ಇದ್ದಾರೇನೋ ಎಂದು ಇಣುಕುತ್ತಿದ್ದರು. ಒಡತಿ ಮಾತ್ರ ಇಣುಕಿದವರಲ್ಲ. ಅವರು ನೋಡುತ್ತಿದ್ದದ್ದು ಹೊಲಿಗೆಯನ್ನು. ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ, ಬೆರಳಾಡಿಸಿ, ಒಂದು ಹೊಲಿಗೆ ಸೊಟ್ಟಗಿದ್ದರೂ ತಪ್ಪಿನ ರಾಶಿಗೆ ಎಸೆಯುತ್ತಿದ್ದರು. ತಮ್ಮ ಸ್ವಂತ ಅಕ್ಕನ ಮಕ್ಕಳು ಹೊಲಿದರೂ ಅಷ್ಟೇ.

ಇಂಥ ಹೆಂಗಸಿಗೆ ಒಂದು ಕಾರ್ಟೂನ್ ಕಿನ್ನರಿಯ ಹುಚ್ಚು. ಗುಮ್ಮಘಟ್ಟದ ಕಡೆ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು ಅವರು. ಚಿಕ್ಕವರಿದ್ದಾಗ ಊರಿನ ಒಂದೇ ಟೀವಿಯ ಮುಂದೆ ಕೂತು ನೋಡುತ್ತಿದ್ದರಂತೆ. ಗೇಣುದ್ದದ ಹುಡುಗಿ, ಅರಿಶಿನ ಬಣ್ಣದ ಲಂಗ, ಎರಡು ಜಡೆ, ಬರಿಗಾಲು, ನೀಲಿ ರೆಕ್ಕೆ, ಅಂಗೈ ಮೇಲೆ ಒಂದು ಮಿಣುಕುಹುಳ. ಅವಳ ಭಾಷೆ ಯಾರಿಗೂ ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ ಎನ್ನುತ್ತಿದ್ದರು. ಹೊಸದಾಗಿ ಕಟ್ಟಿಸಿದ ಮನೆಯ ಮೆಟ್ಟಿಲ ತಿರುವಿನಲ್ಲಿ ಪೂರ್ವಕ್ಕೆ ಒಂದು ಉದ್ದನೆಯ ಕಿಟಕಿ ಖಾಲಿ ಉಳಿದಿತ್ತು. ಮನೆಯವರೆಲ್ಲ ಅಲ್ಲಿಗೆ ಗಜಲಕ್ಷ್ಮಿ ಬರಲಿ ಎಂದಿದ್ದರು. ಒಡತಿ ಕಿನ್ನರಿಯೇ ಬೇಕೆಂದರು, ಬಣ್ಣದ ಗಾಜಿನಲ್ಲೇ ಬೇಕೆಂದರು.

ಬಣ್ಣದ ಗಾಜಿನ ಮಾತನ್ನು ಅವರ ಕಿವಿಗೆ ಹಾಕಿದವಳು ನಾನೇ. ನನ್ನ ಗಂಡ ಮತ್ತು ಮಗಳು ಇದ್ದದ್ದು ಮಡಕಶಿರದ ಕಡೆಯ ಗುಡಿಬಂಡೆಯ ಹತ್ತಿರ, ನಮ್ಮ ಬೋರ್‌ವೆಲ್ ತೋಟದಲ್ಲಿ. ಎರಡು ವಾರಕ್ಕೊಮ್ಮೆ ನಾನು ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ಮನೆ ಸೇರುತ್ತಿದ್ದೆ. ಆಟೋ ತುಂಬುವವರೆಗೆ ಕಾಯುವ ಜಾಗದ ಎದುರಿಗೇ ಒಂದು ಗಾಜಿನ ಕಾರ್ಖಾನೆ, ಕಾರ್ಖಾನೆ ಎಂದರೆ ತಗಡಿನ ಶೆಡ್ಡು. ಬೆಂಗಳೂರಿನಲ್ಲಿ ಕೆಲಸ ಕಲಿತು ಊರಿಗೆ ಮರಳಿದ ಮೇಸ್ತ್ರಿಯೊಬ್ಬರು ಅಲ್ಲಿ ದೇವರ ಕೋಣೆಯ ಬಾಗಿಲುಗಳಿಗೆ ಬಣ್ಣದ ಗಾಜಿನ ನವಿಲು, ತಾವರೆ ಜೋಡಿಸುತ್ತಿದ್ದರು. ನೋಡಿದ್ದನ್ನು ಮುಟ್ಟದೆ ಬಿಡುವ ಗುಣ ನನಗಿಲ್ಲ. ಒಂದು ಸಲ ಒಳಗೆ ಹೋಗಿ, ಕೆಂಪು ಗಾಜಿನ ಚೂರೊಂದನ್ನು ಕಣ್ಣಿಗೆ ಹಿಡಿದು ಎದುರಿನ ಅಂಗಡಿಯನ್ನು ನೋಡಿದೆ. ಮೇಸ್ತ್ರಿ ನಕ್ಕರು. ಆಮೇಲೆ ಪ್ರತಿ ಸಲವೂ ಒಂದೆರಡು ಆಟೋ ತಪ್ಪಿಸಿಕೊಳ್ಳುವುದೇ ಆಯಿತು.

ಅವರ ಹತ್ತಿರ ಚಿತ್ರ ಬರೆಯುತ್ತಿದ್ದವನು ಬೆಂಗಳೂರಿಗೆ ವಾಪಸು ಹೋಗಿದ್ದ. ನಾನು ಪ್ಯಾಟರ್ನ್ ಕತ್ತರಿಸುವವಳು ಎಂದು ತಿಳಿದ ಮೇಲೆ ಮೇಸ್ತ್ರಿ ಒಂದು ಮಾತು ಹೇಳಿದರು. ಒಂದು ಕಿಟಕಿಯನ್ನು ಮೊದಲಿನಿಂದ ಕೊನೆಯವರೆಗೆ ಡಿಸೈನ್ ಮಾಡಿ ತೋರಿಸು, ಗಿರಾಕಿ ಒಪ್ಪಿದರೆ ಅವನ ಮೇಜು, ಅವನ ಕೆಲಸ ನಿನ್ನದು, ಒಪ್ಪದಿದ್ದರೆ ಬೆಂಗಳೂರಿನಿಂದ ಬೇರೆಯವರನ್ನು ಕರೆಸುತ್ತೇನೆ. ಆ ಮೇಜಿಗೂ ನಮ್ಮ ಮನೆಗೂ ಒಂದು ಆಟೋ ದೂರ. ನನ್ನ ಮಗಳು ಆಗ ಒಂದನೇ ಕ್ಲಾಸು. ಹೋದ ಸಲ ನಾನು ಮನೆಗೆ ಹೋದಾಗ ನೀರು ತಂದುಕೊಟ್ಟು, ಊಟ ಮಾಡ್ತೀರಾ ಎಂದು ಬಹುವಚನದಲ್ಲಿ ಕೇಳಿದ್ದಳು. ಮನೆಗೆ ಬಂದವರನ್ನು ಹಾಗೆ ಕೇಳಬೇಕೆಂದು ಅವಳಿಗೆ ಅವಳಪ್ಪ ಕಲಿಸಿದ್ದರು. ಗಂಡ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಕಲ್ಯಾಣದುರ್ಗ ಬರುವವರೆಗೂ ಅತ್ತೆ.

ಹಾಗಾಗಿ ಒಡತಿಗೆ ಮೊದಲೇ ಎಲ್ಲ ಬಿಡಿಸಿ ಹೇಳಿದೆ. ಈ ಕಿಟಕಿ ಸರಿಬಂದರೆ ನಾನು ಯೂನಿಟ್ಟು ಬಿಟ್ಟು ಹೋಗುತ್ತೇನೆ, ನೀವು ಒಪ್ಪಿದರೆ ಮಾತ್ರ ಸರಿಬಂದ ಹಾಗೆ ಎಂದೆ. ಅವರು ಕೈಲಿದ್ದ ಪ್ಯಾಂಟನ್ನು ತಿರುಗಿಸುತ್ತಲೇ ಇದ್ದರು.

"ಚಲೋ ಇದ್ರ ಚಲೋ ಅಂತೀನಿ, ಇಲ್ಲಂದ್ರ ಇಲ್ಲ. ನೀ ಹೋಗ್ತೀ ಅಂತ ಸುಳ್ಳು ಹೇಳಂಗಿಲ್ಲ. ನೀ ಪಾಪ ಅಂತಾನೂ ಸುಳ್ಳು ಹೇಳಂಗಿಲ್ಲ" ಎಂದರು.

ಕೆಲಸ ಮುಗಿದ ಮೇಲೆ ಸಂಜೆ ಕಟಿಂಗ್ ಮೇಜಿನ ಮೇಲೆ ಕಾಗದ ಹಾಸಿ, ಕಿಟಕಿಯ ಅಳತೆಗೇ ಚಿತ್ರ ಬರೆಯಲು ಕೂತೆ. ಕಾರ್ಟೂನಿನ ಗೆರೆಗೂ ಗಾಜಿನ ಗೆರೆಗೂ ಇರುವ ವ್ಯತ್ಯಾಸ ಆಗ ಅರ್ಥವಾಗತೊಡಗಿತು. ಕಾರ್ಟೂನಿನಲ್ಲಿ ಗೆರೆ ಎಲ್ಲಿ ಬೇಕಾದರೂ ಹುಟ್ಟಿ ಎಲ್ಲಿ ಬೇಕಾದರೂ ಸಾಯಬಹುದು. ಗಾಜಿನಲ್ಲಿ ಪ್ರತಿ ಗೆರೆಯೂ ಎರಡು ತುಂಡು ಸೇರುವ ಜಾಗ. ತುಂಡಿನ ಅಂಚಿಗೆ ತಾಮ್ರದ ಟೇಪು ಸುತ್ತಿ, ಮೇಲೆ ಬೆಸುಗೆ ಹಾಕಿ ಕೂಡಿಸುತ್ತಾರೆ. ಆದ್ದರಿಂದ ಒಂದು ಗೆರೆ ಶುರುವಾದರೆ ಇನ್ನೊಂದು ಗೆರೆಗೋ ಚೌಕಟ್ಟಿಗೋ ಹೋಗಿ ಮುಟ್ಟಲೇಬೇಕು. ನಡುವೆ ನಿಂತುಬಿಡುವ ಗೆರೆಯೆಂಬುದೇ ಇಲ್ಲ. ಹಾಗಾದರೆ ಅಂಗೈ ಮೇಲಿನ ಮಿಣುಕುಹುಳ ಯಾವುದನ್ನು ಹಿಡಿದು ನಿಲ್ಲುತ್ತದೆ? ಅದರ ಬೆಳಕಿನ ಕಿರಣಗಳನ್ನೇ ಗೆರೆಗಳನ್ನಾಗಿ ಎಳೆದು ಚೌಕಟ್ಟಿನವರೆಗೆ ಒಯ್ದೆ. ಆ ದಿನ ನನಗೆ ನನ್ನ ಮೇಲೆ ಬಹಳ ಮೆಚ್ಚುಗೆಯಾಯಿತು.

ಮೆಚ್ಚುಗೆ ಬಹಳ ದಿನ ಬಾಳಲಿಲ್ಲ. ಮುಖ ಸಿಕ್ಕಿಕೊಂಡಿತು. ಕಣ್ಣು, ಮೂಗು, ತುಟಿ ಎಂದು ತುಂಡು ಮಾಡಿದರೆ ಬೆಸುಗೆಯ ಗೆರೆಗಳೇ ದಪ್ಪವಾಗಿ, ಹುಡುಗಿಗೆ ಮುಖವೆಲ್ಲ ಹೊಲಿಗೆ ಬಿದ್ದಂತೆ ಕಾಣುತ್ತಿತ್ತು. ಗಾಜಿನ ಮೇಲೆ ಬಣ್ಣದಲ್ಲಿ ಬರೆಯಬಹುದು, ಆದರೆ ಅದನ್ನು ಭಟ್ಟಿಯಲ್ಲಿ ಸುಟ್ಟರೆ ಮಾತ್ರ ನಿಲ್ಲುತ್ತದೆ. ಮೇಸ್ತ್ರಿಯ ಹತ್ತಿರ ಭಟ್ಟಿ ಇರಲಿಲ್ಲ. ಕಾರ್ಟೂನನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಓಡುವಾಗ ಅಷ್ಟು ಚೆಂದ ಕಾಣುವವಳು ನಿಲ್ಲಿಸಿದಾಗ ಒಂದೊಂದು ಸಲ ಒಂದೊಂದು ಥರ ಇರುತ್ತಾಳೆ. ಒಂದು ಕಡೆ ರೆಕ್ಕೆಯೇ ಇರುವುದಿಲ್ಲ, ಬರೀ ನೀಲಿ ಗೀಚು. ಹಾಗೆ ಹುಡುಕುತ್ತಾ, ಹಾರಿಹೋಗುವ ಮುಂಚೆ ಅವಳು ಮುಖ ಆಚೆ ತಿರುಗಿಸುವ ಕ್ಷಣ ಸಿಕ್ಕಿತು. ಕೆನ್ನೆಯ ಅಂಚು ಮತ್ತು ಒಂದು ಜಡೆ ಮಾತ್ರ ಕಾಣುತ್ತದೆ. ಅದನ್ನೇ ಬರೆದು ಒಡತಿಗೆ ತೋರಿಸಿದೆ. ಮುಖವಿಲ್ಲದೆ ಏನು ಚೆಂದ ಎಂದು ಗೊಣಗಿದರು. ಎರಡು ದಿನ ಬಿಟ್ಟು ಅವರೇ ಬಂದು, ಮುಖ ಹೋಗಲಿ, ರೆಕ್ಕೆಯನ್ನು ಮಾತ್ರ ಬಿಡುವುದಿಲ್ಲ, ಅದರೊಳಗೆ ನೀರು ಹರಿದ ಹಾಗೆ ಕಾಣಬೇಕು ಎಂದರು.

ಅಂಥ ಗಾಜು ಮೇಸ್ತ್ರಿಯ ಹತ್ತಿರ ಒಂದೇ ಒಂದು ಹಾಳೆ ಇತ್ತು. ತಿಳಿನೀಲಿ, ಒಳಗೆ ಬಿಳಿಯ ಎಳೆಗಳು. ಬೆಂಗಳೂರು ಬಿಟ್ಟು ಬರುವಾಗ ಅವರ ಹಳೆಯ ಯಜಮಾನರು ಪ್ರೀತಿಯಿಂದ ಕೊಟ್ಟದ್ದಂತೆ. ಆ ಥರದ್ದು ಈಗ ಸಿಗುವುದಿಲ್ಲ. ಗೋಡೆಗೆ ಒರಗಿಸಿ, ಮೇಲೆ ಗೋಣಿಚೀಲ ಮುಚ್ಚಿ, ಎಷ್ಟೋ ನವಿಲುಗಳಿಗೆ ಕೊಡದೆ ಇಟ್ಟಿದ್ದರು. ನಾನು ಗೋಣಿ ಸರಿಸಿ ಬಹಳ ಹೊತ್ತು ನೋಡಿದೆ. ಜೀನ್ಸ್ ಬಟ್ಟೆಗೆ ನೂಲಿನ ದಿಕ್ಕು ಇರುವ ಹಾಗೆ ಇದಕ್ಕೂ ಎಳೆಯ ದಿಕ್ಕಿತ್ತು. ರೆಕ್ಕೆಯ ಪ್ರತಿ ತುಂಡನ್ನೂ ಆ ಎಳೆಯ ಉದ್ದಕ್ಕೇ ಇಟ್ಟರೆ ನೀರು ಬುಡದಿಂದ ತುದಿಗೆ ಹರಿಯುತ್ತದೆ ಎಂದೆ. ಮೇಸ್ತ್ರಿ ಗೋಣಿಯನ್ನು ಪೂರ್ತಿ ಎಳೆದು ತೆಗೆದು, ಹೂಂ, ತಗೋ ಎಂದರು.

ರಾಯದುರ್ಗಕ್ಕೆ ಹೋಗಿ ರೆಕ್ಕೆಗಳ ತುಂಡುಗಳನ್ನೆಲ್ಲ ಕಂದು ಕಾಗದದಲ್ಲಿ ಕತ್ತರಿಸಿದೆ. ಪ್ರತಿ ತುಂಡಿಗೂ ಎಳೆಯ ದಿಕ್ಕಿನ ಬಾಣ, ನಂಬರು. ಅಕ್ಕಪಕ್ಕದ ತುಂಡುಗಳು ಎಲ್ಲಿ ಸೇರಬೇಕೆಂದು ಅಂಚಿನಲ್ಲಿ ಸಣ್ಣ ಕಚ್ಚು. ಮುಂದಿನ ಸಲ ಊರಿಗೆ ಹೋದಾಗ ಆ ತುಂಡುಗಳನ್ನು ಮೇಸ್ತ್ರಿಗೆ ಕೊಟ್ಟು ಬಂದೆ. ಮೈಯ ಭಾಗ ಇನ್ನೂ ತಿದ್ದುವುದಿತ್ತು, ಹಾಗಾಗಿ ದೊಡ್ಡ ಚಿತ್ರ ರಾಯದುರ್ಗದಲ್ಲೇ ಉಳಿಯಿತು. ಎರಡು ದಿನಕ್ಕೆ ಮೇಸ್ತ್ರಿಯ ಫೋನು ಬಂತು. ಈ ಕಚ್ಚು ಯಾಕಮ್ಮ, ಗಾಜಿಗೆ ಕಚ್ಚು ಹಾಕಿದರೆ ಅಲ್ಲಿಂದಲೇ ಸೀಳುತ್ತದೆ ಎಂದು ನಕ್ಕರು. ಬಟ್ಟೆಯ ಅಭ್ಯಾಸ ಅಣ್ಣಾ, ಕಚ್ಚು ಬಿಟ್ಟು ಉಳಿದದ್ದನ್ನು ಹಾಗೇ ಕತ್ತರಿಸಿ ಎಂದು ನಾನೂ ನಕ್ಕೆ. ಅವರು ಹಾಗೇ ಕತ್ತರಿಸಿದರು.

ಮತ್ತೆ ಊರಿಗೆ ಹೋದ ಭಾನುವಾರ ದೊಡ್ಡ ಚಿತ್ರದ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಶೆಡ್ಡಿಗೆ ಹೋದೆ. ಮೇಜಿನ ಮೇಲೆ ಚಿತ್ರ ಹಾಸಿ, ಮೇಸ್ತ್ರಿ ಗಾಜಿನ ತುಂಡುಗಳನ್ನು ಒಂದೊಂದಾಗಿ ಅದರ ಮೇಲೆ ಇಡತೊಡಗಿದರು. ಮೊದಲನೆಯದು ಗೆರೆಯಿಂದ ಹೊರಗೆ ಬಂದಿತ್ತು. ಎರಡನೆಯದು ಮೊದಲನೆಯದರ ಮೇಲೆ ಹತ್ತಿ ಕೂತಿತು. ಮೂರನೆಯದನ್ನು ಇಡಲು ಜಾಗವೇ ಇರಲಿಲ್ಲ. ಅವರು ಕಾಗದದ ತುಂಡನ್ನು ತೆಗೆದು ಗಾಜಿನ ಮೇಲಿಟ್ಟರು. ಕಾಗದಕ್ಕೂ ಗಾಜಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆಮೇಲೆ ಅದೇ ಕಾಗದವನ್ನು ಚಿತ್ರದ ಮೇಲಿಟ್ಟರು. ಸುತ್ತಲೂ ಕಿರುಬೆರಳಿನ ಅಗಲ ಹೆಚ್ಚು.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದು ಹೊಲಿಗೆಯ ಮಾರ್ಜಿನ್. ಬಟ್ಟೆಯ ಪ್ಯಾಟರ್ನಿಗೆ ಹೊಲಿಗೆ ಬೀಳುವ ಗೆರೆಯ ಆಚೆ ಸುತ್ತಲೂ ಅಷ್ಟು ಅಗಲ ಬಿಟ್ಟೇ ಕತ್ತರಿಸಬೇಕು. ಹೊಲಿದ ಮೇಲೆ ಆ ಹೆಚ್ಚಿನದು ಒಳಗೆ ಮಡಚಿಹೋಗುತ್ತದೆ. ಗಾಜಿನಲ್ಲಿ ಮಡಚುವುದಕ್ಕೆ ಏನಿದೆ? ಅಲ್ಲಿ ಟೇಪು ಕೂರಲು ಕೂದಲೆಳೆಯಷ್ಟು ಕಡಿಮೆಯೇ ಕತ್ತರಿಸಬೇಕು. ಇದನ್ನು ಮೇಸ್ತ್ರಿ ಹೇಳಿದ್ದರು, ನಾನು ತಲೆಯಾಡಿಸಿದ್ದೆ. ತಲೆಗೆ ಗೊತ್ತಿತ್ತು. ಕೈ ಮಾತ್ರ ಸ್ಕೇಲನ್ನು ಗೆರೆಯ ಪಕ್ಕಕ್ಕಿಟ್ಟು, ಪ್ರತಿ ದಿನ ಮಾಡುವ ಹಾಗೆ ಮಾರ್ಜಿನ್ ಎಳೆದು ಮುಗಿಸಿತ್ತು. ಕಚ್ಚಿಗೆ ನಕ್ಕ ನಾವಿಬ್ಬರೂ ಕಚ್ಚು ಇದ್ದ ಕಡೆ ಮಾರ್ಜಿನ್ ಇರುತ್ತದೆಂದು ಯೋಚಿಸಲೇ ಇಲ್ಲ.

ಹೆಚ್ಚಾದದ್ದನ್ನು ಕತ್ತರಿಸಿಬಿಟ್ಟರೆ ಆಯಿತಲ್ಲ ಎಂದೆ. ಮೇಸ್ತ್ರಿ ಒಂದು ತುಂಡು ತೆಗೆದುಕೊಂಡು, ಗಾಜು ಕೊಯ್ಯುವ ಡೈಮಂಡಿನಿಂದ ಅಂಚಿನ ಪಕ್ಕಕ್ಕೆ ಗೀರೆಳೆದು, ಇಕ್ಕಳದಲ್ಲಿ ಹಿಡಿದು ಮುರಿದರು. ಸಣ್ಣ ಪಟ್ಟಿ ಬಿಡಿಸಿಕೊಳ್ಳುವ ಬದಲು ಬಿರುಕು ಒಳಗೆ ತಿರುಗಿ, ತುಂಡು ಅಡ್ಡಡ್ಡ ಎರಡಾಯಿತು. ಅಷ್ಟು ಕಿರಿದಾದ ಪಟ್ಟಿಯನ್ನು ಬಾಗಿದ ಅಂಚಿನಿಂದ ತೆಗೆಯುವುದು ಕಷ್ಟ, ಅದರಲ್ಲೂ ಎಳೆ ಇರುವ ಗಾಜು ತನ್ನಿಷ್ಟದ ದಾರಿಯಲ್ಲೇ ಒಡೆಯುತ್ತದೆ.

"ಇದು ಬಟ್ಟೆಯಲ್ಲ ಕಣಮ್ಮ. ಬಿಚ್ಚಿ ಮತ್ತೆ ಹೊಲಿಯೋಕ್ಕಾಗಲ್ಲ" ಎಂದು ಹೇಳಿ ಸ್ಟೂಲಿನ ಮೇಲೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಬಳಿ ಬರೀ ಗೋಣಿಚೀಲ ಬಿದ್ದಿತ್ತು.

ಅಂಗಡಿಯಲ್ಲಿ ಸಿಗುವ ನೀಲಿ ಗಾಜಿನಲ್ಲಿ ರೆಕ್ಕೆಯನ್ನು ಹೊಸದಾಗಿ ಮಾಡೋಣ ಎಂದರು ಮೇಸ್ತ್ರಿ. ಆ ಗಾಜಿನ ಒಂದು ಚೂರನ್ನು ಬೆಳಕಿಗೆ ಹಿಡಿದು ನೋಡಿದೆ. ಬಾಟಲಿ ನೀಲಿ, ಒಳಗೆ ಏನೂ ಇಲ್ಲ. ಒಡತಿ ಅದನ್ನು ಮೆಟ್ಟಿಲ ಕೆಳಗಿನಿಂದಲೇ ನೋಡಿ ವಾಪಸು ಕಳಿಸುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಅರ್ಧ ದಿನ ಹೋಗಿತ್ತು, ಮನೆಯಲ್ಲಿ ಮಗಳು ಕಾಯುತ್ತಿದ್ದಳು, ನನಗೆ ಏಳಲು ಮನಸ್ಸಾಗಲಿಲ್ಲ.

ಸುಮ್ಮನೆ ಕೂರಲಾರದೆ ಚಿತ್ರವನ್ನು ಮೇಜಿನಿಂದ ಎಳೆದು ಪಕ್ಕಕ್ಕಿಟ್ಟೆ. ಖಾಲಿ ಮೇಜಿನ ಮೇಲೆ ಗಾಜಿನ ತುಂಡುಗಳನ್ನು ಒಂದರ ಪಕ್ಕ ಒಂದು, ಅಂಚಿಗೆ ಅಂಚು ತಾಗುವಂತೆ ಜೋಡಿಸಿದೆ. ದೊಡ್ಡದಾದವು ಸರಿ, ಎಷ್ಟು ದೊಡ್ಡದಾಗುತ್ತವೆ ನೋಡೋಣ ಎಂಬ ಕುತೂಹಲ ಬಿಟ್ಟು ಬೇರೆ ಉದ್ದೇಶವಿರಲಿಲ್ಲ. ಅಂಚುಗಳು ಹೆಚ್ಚು ಬಾಗಿರಲಿಲ್ಲವಾದ್ದರಿಂದ ಬಹುಮಟ್ಟಿಗೆ ಕೂಡಿಕೊಂಡವು. ಅಲ್ಲಲ್ಲಿ ಅಕ್ಕಿಕಾಳಿನಷ್ಟು ಸಂದು, ತಾಗುವ ಅಂಚನ್ನು ಉಜ್ಜಿ ಅದನ್ನು ಸರಿಮಾಡಬಹುದು. ಒಡೆದ ತುಂಡಿನ ಬಿರುಕೂ ಒಂದು ನರದ ಹಾಗೆ ನಡುವೆ ಹಾದುಹೋಯಿತು. ಒಂದು ರೆಕ್ಕೆ ಮುಗಿಯುವಷ್ಟರಲ್ಲಿ ಅದು ಕಿಟಕಿಯ ಅಳತೆಯನ್ನು ದಾಟಿ ಮೇಜಿನ ಅಂಚಿಗೆ ಬಂದಿತ್ತು.

ಮೇಸ್ತ್ರಿಯನ್ನು ಕರೆದು, ರೆಕ್ಕೆಯನ್ನು ಕಿಟಕಿಯೊಳಗೆ ಹಿಡಿಸುವುದೇ ಬೇಡ ಎಂದೆ. ತುದಿಗಳು ಚೌಕಟ್ಟಿನ ಆಚೆಗೆ ಹೋಗಲಿ, ಹೊರಗೆ ಹೋದದ್ದನ್ನು ಚೌಕಟ್ಟಿನ ನೇರಕ್ಕೆ ಕತ್ತರಿಸಿಬಿಡೋಣ. ಅಗಲ ಇರುವ ತುಂಡಿನ ಮೇಲೆ ನೇರ ಗೆರೆ, ಒಡೆಯುವ ಭಯವಿಲ್ಲ. ಹುಡುಗಿಯನ್ನು ಮೊದಲಿನ ಅಳತೆಯಲ್ಲೇ ಕೆಳಗಿನ ಮೂಲೆಗೆ ಸರಿಸೋಣ. ಮೇಸ್ತ್ರಿ ಮೇಜಿನ ಸುತ್ತ ಒಂದು ಸುತ್ತು ಬಂದರು. ಮೊದಲ ಚಿತ್ರದಲ್ಲಿ ರೆಕ್ಕೆಯ ತುದಿಗಳ ಸುತ್ತ ಹಿನ್ನೆಲೆಯ ಗಾಜನ್ನು ಮೂಲೆ ಮೂಲೆಯಾಗಿ ಕೊರೆಯಬೇಕಿತ್ತು, ಅದು ಅವರಿಗೆ ಮೊದಲಿನಿಂದಲೂ ಚಿಂತೆಯಾಗಿತ್ತು. ಈಗ ಆ ಮೂಲೆಗಳೇ ಇಲ್ಲ. ರೆಕ್ಕೆಯ ನರಗಳೆಲ್ಲ ನೇರವಾಗಿ ಚೌಕಟ್ಟಿಗೆ ಹೋಗಿ ಮುಟ್ಟುತ್ತವೆ, ಕಿಟಕಿ ಗಟ್ಟಿಯಾಗುತ್ತದೆ.

"ಗಟ್ಟಿ ಏನೋ ಆಯ್ತೈತೆ. ನಿಮ್ಮೊಡತಿ ಒಪ್ತಾರೇನಮ್ಮ? ಆ ಕಾರ್ಟೂನಿನಾಗೆ ರೆಕ್ಕೆ ಇಷ್ಟೇ ಇಷ್ಟು ಇದ್ವಲ್ಲ" ಎಂದು ಕೇಳಿದರು.

ನನಗೆ ಗೊತ್ತಿಲ್ಲ ಎಂದೆ. ನಿಜವಾಗಿ ಗೊತ್ತಿರಲಿಲ್ಲ. ಬೆರಳು ನಾಲ್ಕೋ ಐದೋ ಎಂದು ತಿಳಿದಿರುವ ಹೆಂಗಸು ರೆಕ್ಕೆಯ ಅಳತೆಯನ್ನು ಬಿಟ್ಟುಬಿಡುತ್ತಾರೆಯೇ? ಆದರೂ ಅದನ್ನೇ ಮಾಡುವುದೆಂದು ತೀರ್ಮಾನಿಸಿದೆವು. ಉಜ್ಜುವುದು, ಟೇಪು ಸುತ್ತುವುದು, ಬೆಸುಗೆ, ಬೆಸುಗೆಯ ಗೆರೆಗಳನ್ನು ಕಪ್ಪು ಮಾಡುವುದು ಎಂದು ಮುಂದಿನ ಕೆಲಸವೆಲ್ಲ ಮೇಸ್ತ್ರಿಯದೇ. ಬಂದಾಗಲೆಲ್ಲ ಟೇಪು ಸುತ್ತುವುದಕ್ಕೆ ನಾನೂ ಕೂತೆ. ಮಾರ್ಜಿನ್ ಇಲ್ಲದೆ ಅಂಚಿಗೇ ಕೆಲಸ ಮಾಡುವುದು ನನ್ನ ಬೆರಳುಗಳಿಗೆ ಆಗ ಅಭ್ಯಾಸವಾಯಿತು.

ಕಿಟಕಿಯನ್ನು ಹಾಸಿಗೆಯಲ್ಲಿ ಸುತ್ತಿ, ಟೆಂಪೋದಲ್ಲಿ ನೆಟ್ಟಗೆ ನಿಲ್ಲಿಸಿ ರಾಯದುರ್ಗಕ್ಕೆ ತಂದೆವು. ಮೇಸ್ತ್ರಿ ದಾರಿಯುದ್ದಕ್ಕೂ ಅದನ್ನು ಕೈಯಲ್ಲಿ ಹಿಡಿದೇ ಕೂತಿದ್ದರು. ಚೌಕಟ್ಟಿಗೆ ಕೂರಿಸಿ, ಸುತ್ತ ಮರದ ಪಟ್ಟಿ ಹೊಡೆಯುವಷ್ಟರಲ್ಲಿ ಸಂಜೆಯಾಗಿ ಬೆಳಕು ಹೋಗಿತ್ತು. ಒಡತಿ ಬೆಳಗ್ಗೆ ನೋಡುತ್ತೇನೆ ಎಂದು ಮೇಲೆ ಬರಲಿಲ್ಲ.

ಬೆಳಗ್ಗೆ ಅವರು ಬಂದಾಗ ಬಿಸಿಲು ಕಿಟಕಿಗೆ ಸರಿಯಾಗಿ ಬಿದ್ದಿತ್ತು. ನೀಲಿ ಬೆಳಕು ಗೋಡೆ ದಾಟಿ ಮೂರ್ನಾಲ್ಕು ಮೆಟ್ಟಿಲ ಮೇಲೆ ಹರಿದಿತ್ತು. ಒಡತಿ ಕೆಳಗಿನ ಮೆಟ್ಟಿಲಲ್ಲಿ ನಿಂತು ನೋಡಿದರು, ಮೇಲೆ ಬಂದು ಹತ್ತಿರದಿಂದ ನೋಡಿದರು, ಬೆಸುಗೆಯ ಮೇಲೆ ಬೆರಳಾಡಿಸಿದರು. ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದರು.

ಬೆರಳು ನಾಲ್ಕು, ಸರಿ ಎಂದರು. ಜಡೆ ಸರಿ. ಲಂಗದ ಬಣ್ಣ ತುಸು ಗಾಢವಾಯಿತು. ಆಮೇಲೆ ರೆಕ್ಕೆಯನ್ನು ನೋಡುತ್ತಾ ನಿಂತು, ಆಕೆಯ ರೆಕ್ಕೆ ಇಷ್ಟು ದೊಡ್ಡವಿರಲಿಲ್ಲ, ಇವು ಎಲ್ಲಿಂದ ಬಂದವು ಎಂದು ಕೇಳಿದರು. ನಾನು ಹೇಳಿದೆ. ಮಾರ್ಜಿನ್ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಮುಂದಿನದನ್ನು ವಿವರಿಸಬೇಕಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಿಂತು ನಗಲಾರದೆ ಮೆಟ್ಟಿಲ ಮೇಲೆ ಕೂತರು. ಅವರು ಅಷ್ಟು ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಎಷ್ಟೋ ಪ್ಯಾಂಟುಗಳನ್ನು ನಗುತ್ತಲೇ ತಪ್ಪಿನ ರಾಶಿಗೆ ಎಸೆದವರು ಅವರು.

ನಗು ನಿಂತ ಮೇಲೂ ಏಳಲಿಲ್ಲ. ಕೂತಲ್ಲಿಂದಲೇ ಕಿಟಕಿಯನ್ನು ನೋಡುತ್ತಿದ್ದರು. ನೀಲಿ ಬೆಳಕು ಅವರ ಸೀರೆಯ ಮೇಲಿತ್ತು.

"ಸಣ್ಣಾಕಿ ಇದ್ದಾಗ ನಂಗ ಇಷ್ಟ ದೊಡ್ಡವು ಕಾಣ್ತಿದ್ವು" ಎಂದರು. "ಮೊನ್ನೆ ಫೋನಿನ್ಯಾಗ ನೋಡಿದ್ರ ಹುಣಸಿ ಎಲಿಯಂಗ ಇದ್ವು. ನಾನ ತಪ್ಪು ನೆನಪಿಟ್ಟೀನಿ ಅನ್ಕೊಂಡಿದ್ದೆ."

ಒಪ್ಪಿದರೋ ಇಲ್ಲವೋ ಇನ್ನೂ ತಿಳಿಯಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದರು. ಯೂನಿಟ್ಟಿಗೆ ಹೊರಡುವ ಹೊತ್ತಾಗಿತ್ತು. ಕತ್ತರಿಸಬೇಕಾದ ಹೊಸ ಆರ್ಡರಿನ ಪ್ಯಾಟರ್ನುಗಳು ನನಗಾಗಿ ಕಾದಿದ್ದವು, ಅದು ಅವರಿಗೂ ಗೊತ್ತಿತ್ತು. ಮಂಡಿ ಹಿಡಿದು ಎದ್ದು, ಸೀರೆ ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಮೇಸ್ತ್ರಿಗೆ ಹೇಳಿದರು:

"ಗಾಜು ಇಲ್ಲೇ ಇರ್ಲಿರಿ. ಈಕೀನ್ನ ಕರಕೊಂಡು ಹೋಗ್ರಿ."

ಎಷ್ಟು ತಿಂಗಳಿಂದ ಆ ಮಾತಿಗೆ ಕಾದಿದ್ದೆ. ಕೇಳಿದ ಮೇಲೆ ಮೆಟ್ಟಿಲಿಳಿಯಲು ಕಾಲೇ ಬರಲಿಲ್ಲ.